ಚೈನ್ ಸಾ ಕೊಳ್ಳುವಾಗ ಸಿಸಿ ಕೇಳಬೇಡಿ, ಲೀಟರ್ ಲೆಕ್ಕ ಹಾಕಿ

ಮರ ಕೊಯ್ಯುವ ಮಷಿನ್ ತೆಗೆದುಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಎರಡೇ ಮಾತು: ಎಂಜಿನ್ ಎಷ್ಟು ಸಿಸಿ, ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಎಷ್ಟು ಇಂಚು? ಎರಡಕ್ಕೂ ಉತ್ತರ ಸಿಕ್ಕರೂ ಆ ಮಷಿನ್ ಮನೆಬಳಕೆಯದೋ ಕಸುಬಿನದೋ ಎಂಬುದು ಗೊತ್ತಾಗುವುದಿಲ್ಲ. ಸ್ಟಿಲ್ ಕಂಪನಿಯ ಎಂಎಸ್ 250 ನೋಡಿ: 45.4 ಸಿಸಿ, 2.3 ಕಿಲೋವಾಟ್, ಬಾರ್ ಚೈನ್ ಬಿಟ್ಟು 4.6 ಕಿಲೋ. ಅದೇ ಕಂಪನಿಯ ಎಂಎಸ್ 261: 50.2 ಸಿಸಿ, 3 ಕಿಲೋವಾಟ್, 4.9 ಕಿಲೋ. ಸಿಸಿಯಲ್ಲಿ ಐದರ ಫರಕು, ತೂಕದಲ್ಲಿ 300 ಗ್ರಾಂ. ಆದರೂ ಮೊದಲನೆಯದು ತೋಟದವರಿಗೆಂದು ಮಾಡಿದ್ದು, ಎರಡನೆಯದು ದಿನವಿಡೀ ಮರ ಕೊಯ್ದೇ ಹೊಟ್ಟೆ ಹೊರೆಯುವವರಿಗೆ. ಒಳಗೆ ಎರಡೂ ಬೇರೆಯೇ ಜಾತಿಯ ಎಂಜಿನ್. ದರ್ಜೆ ಬದಲಾದರೆ ಬೆಲೆಯೂ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಆಗುತ್ತದೆ.

ಆ ಹೆಚ್ಚುವರಿ ದುಡ್ಡು ಯಾರಿಗೆ ಗಿಟ್ಟುತ್ತದೆ ಎಂಬುದನ್ನು ತೀರ್ಮಾನಿಸಲು ನಮಗೆ ಗೊತ್ತಿರುವ ಅತ್ಯಂತ ಸುಲಭದ ದಾರಿ ಒಂದೇ. ವರ್ಷಕ್ಕೆ ಎಷ್ಟು ಲೀಟರ್ ಮಿಕ್ಸ್ ಪೆಟ್ರೋಲ್ (2ಟಿ, ಅಂದರೆ ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್ ಬೆರೆಸಿದ ಪೆಟ್ರೋಲ್) ಸುಡುತ್ತೀರಿ, ಅದನ್ನು ಲೆಕ್ಕ ಹಾಕಿ. ಗಂಟೆ ಲೆಕ್ಕ ಯಾರಿಗೂ ನೆನಪಿರುವುದಿಲ್ಲ, ಪೆಟ್ರೋಲ್ ತಂದ ಲೆಕ್ಕ ಎಲ್ಲರಿಗೂ ನೆನಪಿರುತ್ತದೆ. 45 ಸಿಸಿಯ ಮಷಿನ್ ಸಾಧಾರಣ ಕೆಲಸದಲ್ಲಿ ಗಂಟೆಗೆ ಒಂದು ಲೀಟರಿನ ಆಸುಪಾಸು ಕುಡಿಯುತ್ತದೆ, 30 ಸಿಸಿಯದು ಅದಕ್ಕಿಂತ ಕಡಿಮೆ, 70 ಸಿಸಿಯದು ಒಂದೂವರೆ ಲೀಟರಿನಿಂದ ಮೇಲೆ. ಹಾಗಾಗಿ ಲೀಟರ್ ಎಂದರೆ ಸರಿಸುಮಾರು ಗಂಟೆಯೇ.

ಮನೆಯ ಬಚ್ಚಲೊಲೆಗೆ ಸೌದೆ, ಗಾಳಿಗೆ ಬಿದ್ದ ಕೊಂಬೆ, ಬೇಲಿಯ ಗ್ಲಿರಿಸೀಡಿಯಾ, ವರ್ಷಕ್ಕೆ ಒಂದೆರಡು ಒಣ ಮರ. ಇಷ್ಟೇ ಆದರೆ ಐದರಿಂದ ಹತ್ತು ಲೀಟರ್ ದಾಟುವುದಿಲ್ಲ. ಈ ಕೆಲಸಕ್ಕೆ ಎಂಎಸ್ 170 ಅಥವಾ 180ರಂಥ 30 ಸಿಸಿ ಆಸುಪಾಸಿನ ಮನೆಬಳಕೆಯ ಮಷಿನ್ ಸರಿಯಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳುತ್ತದೆ. ಹತ್ತಿಪ್ಪತ್ತು ಎಕರೆ ಕಾಫಿ ಇದ್ದು, ಮಳೆಗಾಲಕ್ಕೆ ಮುಂಚೆ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮಾಡಿಸಿ, ಉದುರಿದ ಕೊಂಬೆಗಳನ್ನು ತುಂಡು ಮಾಡಿ, ನಡುನಡುವೆ ಒಂದಷ್ಟು ಸಿಲ್ವರ್ ಓಕ್ ಇಳಿಸುವವರಿಗೆ 20ರಿಂದ 50 ಲೀಟರ್ ಆಗಬಹುದು. ಇದು ಎಂಎಸ್ 250ರಂಥ ನಡುವಿನ ದರ್ಜೆಯ ಜಾಗ. ನೂರು ಲೀಟರ್ ದಾಟಿತೆಂದರೆ ಮಾತ್ರ ಪ್ರೊಫೆಷನಲ್ ಮಷಿನ್ ತನ್ನ ಬೆಲೆಯನ್ನು ತಾನೇ ದುಡಿದುಕೊಡುತ್ತದೆ. ಕೂಲಿಗೆ ಮರ ಕೊಯ್ಯುವವರು 70 ಸಿಸಿ ಮಷಿನ್‌ನಲ್ಲಿ ದಿನಕ್ಕೆ ನಾಲ್ಕೈದು ಲೀಟರ್ ಖಾಲಿ ಮಾಡುತ್ತಾರೆ. ಅವರ ಮುಂದೆ ಈ ಪ್ರಶ್ನೆಯೇ ಇಲ್ಲ.

ತಯಾರಕರ ಮನಸ್ಸಿನಲ್ಲೂ ಇಂಥದ್ದೇ ಒಂದು ಲೆಕ್ಕ ಇದೆ ಎಂಬುದಕ್ಕೆ ಸಣ್ಣ ಸುಳಿವು ಅಮೆರಿಕದಲ್ಲಿ ಮಾರುವ ಮಷಿನ್‌ಗಳ ಲೇಬಲ್ಲಿನಲ್ಲಿ ಸಿಗುತ್ತದೆ. ಅಲ್ಲಿನ ಹೊಗೆ ನಿಯಮದ ಪ್ರಕಾರ ಕೈಯಲ್ಲಿ ಹಿಡಿಯುವ ಎಂಜಿನ್‌ಗಳಿಗೆ 50, 125, 300 ಗಂಟೆ ಎಂಬ ಮೂರು ದರ್ಜೆಗಳಿವೆ. ಅಷ್ಟು ಗಂಟೆ ಓಡಿದ ಮೇಲೂ ಹೊಗೆ ಮಿತಿಯೊಳಗೆ ಇರುತ್ತದೆ ಎಂಬ ಖಾತರಿ ಅದು. ಎಂಜಿನ್ನಿನ ಆಯುಷ್ಯ ಖಂಡಿತ ಅಲ್ಲ. ಆದರೆ 50 ಎಂದು ಬರೆದ ಮಷಿನ್ ಯಾರಿಗೆ, 300 ಎಂದು ಬರೆದದ್ದು ಯಾರಿಗೆ ಎಂದು ಕಂಪನಿಯೇ ಹೇಳಿದಂತಾಯಿತು.

ಒಳಗೆ ಏನು ಬೇರೆ

ಮನೆಬಳಕೆಯ ಮಷಿನ್ನಿನಲ್ಲಿ ಸಿಲಿಂಡರಿನ ಕೆಳಭಾಗವೇ ಕ್ರ್ಯಾಂಕ್‌ಕೇಸಿನ ಮೇಲರ್ಧ. ಕೆಳಗಿನಿಂದ ಇನ್ನೊಂದು ಅರ್ಧ ಬಂದು ಬೋಲ್ಟಿನಲ್ಲಿ ಕೂರುತ್ತದೆ. ಕ್ರ್ಯಾಂಕ್, ಎರಡು ಬೇರಿಂಗ್, ಎರಡು ಆಯಿಲ್ ಸೀಲ್ ಇವೆರಡರ ನಡುವೆ ಸಿಕ್ಕಿಕೊಂಡಿರುತ್ತವೆ. ಕೂಡುವ ಜಾಗದಲ್ಲಿ ಗ್ಯಾಸ್ಕೆಟ್ ಬದಲು ಸೀಲಂಟ್ ಪೇಸ್ಟ್. ಈ ಇಡೀ ಎಂಜಿನ್ನನ್ನು ಪ್ಲಾಸ್ಟಿಕ್ ಒಡಲಿನೊಳಗೆ ಕೂರಿಸಿ ಬಿಗಿದಿರುತ್ತಾರೆ. ಬಾರ್ ಹಿಡಿಯುವ ಸ್ಟಡ್ ಕೂಡ ಎಷ್ಟೋ ಮಾಡೆಲ್‌ಗಳಲ್ಲಿ ಆ ಪ್ಲಾಸ್ಟಿಕ್ಕಿಗೇ ತಿರುಪಿರುತ್ತದೆ.

ಪ್ರೊಫೆಷನಲ್ ಮಷಿನ್ನಿನ ಒಡಲೇ ಮೆಗ್ನೀಸಿಯಂ ಕ್ರ್ಯಾಂಕ್‌ಕೇಸು. ಎಡ ಬಲ ಎಂದು ಎರಡು ಹೋಳು, ನಡುವೆ ಗ್ಯಾಸ್ಕೆಟ್. ಬೇರಿಂಗ್ ಲೋಹದ ಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ, ಸ್ಟಡ್ ಲೋಹಕ್ಕೇ ಹತ್ತಿರುತ್ತದೆ, ಸಿಲಿಂಡರ್ ಮೇಲಿನಿಂದ ನಾಲ್ಕು ಬೋಲ್ಟಿನಲ್ಲಿ ಪ್ರತ್ಯೇಕವಾಗಿ ಕೂರುತ್ತದೆ.

ಕೊಯ್ಯುವಾಗ ಇದರ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕೆಟ್ಟಾಗ. ಪಿಸ್ಟನ್ ಸೀಜ್ ಆಯಿತೆಂದುಕೊಳ್ಳಿ, ಅಂದರೆ ಕಾದು ಸಿಲಿಂಡರಿಗೆ ಕಚ್ಚಿಕೊಂಡಿತೆಂದುಕೊಳ್ಳಿ. ಪ್ರೊಫೆಷನಲ್ ಮಷಿನ್ನಿನಲ್ಲಿ ಮೇಲಿನ ಕವರ್, ಮಫ್ಲರ್, ಕಾರ್ಬುರೇಟರ್, ನಾಲ್ಕು ಬೋಲ್ಟ್ ಬಿಚ್ಚಿದರೆ ಸಿಲಿಂಡರ್ ಕೈಗೆ ಬರುತ್ತದೆ. ಕೆಳಗಿನ ಕ್ರ್ಯಾಂಕ್ ಮುಟ್ಟುವ ಅಗತ್ಯವೇ ಇಲ್ಲ. ಮನೆಬಳಕೆಯದರಲ್ಲಿ ಕ್ಲಚ್, ಫ್ಲೈವ್ಹೀಲ್, ಆಯಿಲ್ ಪಂಪ್, ಹ್ಯಾಂಡಲ್ ಎಲ್ಲ ಬಿಚ್ಚಿ ಎಂಜಿನ್ ಪೂರ್ತಿ ಹೊರಗೆ ತೆಗೆಯಬೇಕು, ಹಳೆಯ ಸೀಲಂಟ್ ಕೆರೆದು ಹೊಸದು ಹಚ್ಚಬೇಕು. ಹಚ್ಚಿದ್ದು ಒಂದು ಕಡೆ ತೆಳುವಾದರೂ ಗಾಳಿ ಒಳಗೆ ಎಳೆದು, ಮಿಶ್ರಣ ಬಡವಾಗಿ (ಗಾಳಿ ಹೆಚ್ಚಾಗಿ, ಪೆಟ್ರೋಲ್ ಕಡಿಮೆಯಾಗಿ), ಹೊಸ ಪಿಸ್ಟನ್ನೂ ಸೀಜ್ ಆಗುತ್ತದೆ. ಕೂಲಿ, ಬಿಡಿಭಾಗ ಎರಡೂ ಸೇರಿಸಿದರೆ ಹೊಸ ಸಣ್ಣ ಮಷಿನ್ನಿನ ಅರ್ಧ ಬೆಲೆ ಬಂದುಬಿಡುತ್ತದೆ. ಹಾಗಾಗಿ ಈ ದರ್ಜೆಯ ಮಷಿನ್ ಒಮ್ಮೆ ಸೀಜ್ ಆದರೆ ಅದನ್ನು ಬಿಡಿಭಾಗಕ್ಕೆ ಇಟ್ಟುಕೊಂಡು ಇನ್ನೊಂದು ತರುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಪ್ರೊಫೆಷನಲ್ ಮಷಿನ್ ಎರಡು ಮೂರು ಸಲ ಸಿಲಿಂಡರ್ ಕಿಟ್ ಬದಲಿಸಿಕೊಂಡು ದುಡಿಯುತ್ತಲೇ ಇರುತ್ತದೆ.

ಇನ್ನು ಕೆಲವು ಸಣ್ಣ ಫರಕುಗಳಿವೆ, ಆದರೆ ದಿನಬಳಕೆಯಲ್ಲಿ ಅವು ಸಣ್ಣವಲ್ಲ. ಮುಖ್ಯವಾದದ್ದು ಚೈನ್ ಆಯಿಲ್ ಪಂಪ್. ಸಣ್ಣ ಮಷಿನ್‌ಗಳಲ್ಲಿ ಆಯಿಲ್ ಎಷ್ಟು ಬೀಳಬೇಕೆಂಬುದು ಕಂಪನಿಯಲ್ಲೇ ನಿಗದಿ, ತಿರುಗಿಸುವ ಸ್ಕ್ರೂ ಇರುವುದಿಲ್ಲ. 14 ಇಂಚಿನ ಬಾರಿಗೆ ಸಾಕಾಗುವ ಆ ಆಯಿಲ್‌ಗೆ 18 ಇಂಚಿನ ಬಾರ್ ಹಾಕಿದರೆ ತುದಿ ಒಣಗುತ್ತದೆ, ಬಾರಿನ ಅಂಚು ನೀಲಿಗಟ್ಟುತ್ತದೆ, ಚೈನ್ ಬೇಗ ಜಗ್ಗುತ್ತದೆ. ಪ್ರೊಫೆಷನಲ್ ಮಷಿನ್ನಿನ ಹೊಟ್ಟೆಯ ಕೆಳಗೆ ಆಯಿಲ್ ಹೆಚ್ಚು ಕಡಿಮೆ ಮಾಡುವ ಸ್ಕ್ರೂ ಇರುತ್ತದೆ. ಯಾವ ಮಷಿನ್ನಾದರೂ ಸರಿ, ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಾಗ ಆಯಿಲ್ ಟ್ಯಾಂಕಿನಲ್ಲಿ ತಳದಷ್ಟು ಮಾತ್ರ ಉಳಿದಿರಬೇಕು. ಅರ್ಧ ಉಳಿದಿದ್ದರೆ ಪಂಪ್ ಕಟ್ಟಿಕೊಂಡಿದೆ ಎಂದು ಅರ್ಥ. ಗ್ಯಾರೇಜಿನಿಂದ ತಂದ ಕರಿ ಎಂಜಿನ್ ಆಯಿಲ್ ಹಾಕುವ ರೂಢಿ ನಮ್ಮ ಕಡೆ ವಿಪರೀತ. ಅದರಲ್ಲಿರುವ ಲೋಹದ ಪುಡಿ ಪಂಪನ್ನು ತಿನ್ನುತ್ತದೆ, ಚೈನಿಗೆ ಅಂಟಿಕೊಳ್ಳುವ ಗುಣ ಅದಕ್ಕಿಲ್ಲ, ಕೈಗೂ ಮಣ್ಣಿಗೂ ಒಳ್ಳೆಯದಲ್ಲ.

ಏರ್ ಫಿಲ್ಟರ್ ಇನ್ನೊಂದು. ಜನವರಿಯಿಂದ ಮೇವರೆಗೆ ತೋಟದ ಧೂಳಿನಲ್ಲಿ ಕೊಯ್ಯುವಾಗ ಸಣ್ಣ ಮಷಿನ್ನಿನ ಚಿಕ್ಕ ಫಿಲ್ಟರ್ ಎರಡು ಮೂರು ಟ್ಯಾಂಕಿಗೇ ಮುಚ್ಚಿಕೊಳ್ಳುತ್ತದೆ. ಪ್ರೊಫೆಷನಲ್ ಮಷಿನ್ನಿನ ಮಡಿಕೆ ಫಿಲ್ಟರಿಗೆ ಹರವು ಹೆಚ್ಚು. ಅದಕ್ಕೂ ಮುಂಚೆಯೇ ದಪ್ಪ ಹೊಟ್ಟನ್ನು ಹೊರಗೆ ಎಸೆಯುವ ವ್ಯವಸ್ಥೆಯೂ ಇರುತ್ತದೆ.

ಸುತ್ತಳತೆಯಿಂದ ಬಾರಿಗೆ

ನಮ್ಮಲ್ಲಿ ಮರವನ್ನು ಅಳೆಯುವುದು ಸುತ್ತಳತೆಯಲ್ಲಿ, ಬಾರನ್ನು ಮಾರುವುದು ಇಂಚಿನಲ್ಲಿ. ಸುತ್ತಳತೆಯನ್ನು ಇಂಚಿಗೆ ತಂದು 3.14ರಿಂದ ಭಾಗಿಸಿದರೆ ಅಡ್ಡಳತೆ ಸಿಗುತ್ತದೆ. ಮೂರಡಿ ಸುತ್ತಳತೆ ಎಂದರೆ ಹನ್ನೊಂದೂವರೆ ಇಂಚು. ನಾಲ್ಕಡಿ ಎಂದರೆ 15 ಇಂಚು ಚಿಲ್ಲರೆ. ಐದಡಿ 19, ಆರಡಿ 23 ಇಂಚಿನ ಹತ್ತಿರ. ತೋಟದ ಸಿಲ್ವರ್ ಓಕ್ ಹೆಚ್ಚಿನವು ಮೂರರಿಂದ ಐದಡಿಯೊಳಗೆ ಕೊಯ್ಲಿಗೆ ಬರುತ್ತವೆ. ಎರಡು ಕಡೆಯಿಂದ ಕೊಯ್ಯುವುದು ಗೊತ್ತಿದ್ದವರಿಗೆ 16 ಅಥವಾ 18 ಇಂಚಿನ ಬಾರ್ ಧಾರಾಳ ಸಾಕು. ಬಾರಿನ ಉದ್ದ ಮರದ ಅಡ್ಡಳತೆಗಿಂತ ದೊಡ್ಡದಿರಲೇಬೇಕು ಎಂಬುದು ತಪ್ಪು ತಿಳಿವಳಿಕೆ. ಉದ್ದ ಬಾರ್ ಎಂದರೆ ಮುಂಭಾರ, ಸಾಣೆ ಹಿಡಿಯಲು ಹೆಚ್ಚು ಹಲ್ಲು, ಎಂಜಿನ್ನಿಗೆ ಹೆಚ್ಚು ಎಳೆತ. ಜೊತೆಗೆ ಅತ್ತ ಬದಿಯಲ್ಲಿ ಕಣ್ಣಿಗೆ ಕಾಣದೆ ಚಾಚಿಕೊಂಡ ತುದಿ ಬೇರೆ.

ಆರೇಳಡಿ ಸುತ್ತಳತೆಯ ಮತ್ತಿ, ಹೊನ್ನೆಯಂಥ ಗಟ್ಟಿ ಮರಕ್ಕೆ ಮಾತ್ರ 70 ಸಿಸಿ ಬೇಕು. ಎಂಎಸ್ 382 ಆ ದರ್ಜೆಯದು: 72.2 ಸಿಸಿ, 3.9 ಕಿಲೋವಾಟ್, 6.2 ಕಿಲೋ. ಆದರೆ ಅಂಥ ಮರ ನೀವು ಎಷ್ಟು ಇಳಿಸುತ್ತೀರಿ? ಸಿಲ್ವರ್ ಓಕ್ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ, ಕಾಡು ಜಾತಿಯ ದೊಡ್ಡ ಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಬಂದಾಗ ಒಂದೆರಡು ದಿನಕ್ಕೆ ದೊಡ್ಡ ಮಷಿನ್ ಇರುವವರನ್ನು ಕೂಲಿಗೆ ಕರೆಸಿದರೆ ಆಯಿತು. ಮರ ಬೀಳಿಸುವ ಅನುಭವವೂ ಮಷಿನ್ನಿನ ಜೊತೆಗೇ ಬರುತ್ತದೆ. ಹತ್ತು ವರ್ಷಕ್ಕೆ ನಾಲ್ಕು ಮರ ಇಳಿಸುವವರು 70 ಸಿಸಿ ಮಷಿನ್ ತಂದಿಟ್ಟುಕೊಂಡರೆ ಅದು ಕೆಲಸದಲ್ಲಿ ಸವೆಯುವುದಕ್ಕಿಂತ ಮೊದಲು ಕಾರ್ಬುರೇಟರಿನೊಳಗೆ ಹಳಸಿದ ಪೆಟ್ರೋಲಿನಿಂದ ಹಾಳಾಗುತ್ತದೆ.

ಕೈಗೆ ಹತ್ತುವ ನಡುಕ

ಲೀಟರ್ ಲೆಕ್ಕ ಕಡಿಮೆ ಇದ್ದರೂ ಪ್ರೊಫೆಷನಲ್ ಮಷಿನ್ ಕೊಳ್ಳಲು ಒಂದು ಗಟ್ಟಿ ಕಾರಣ ಇದ್ದರೆ ಅದು ನಡುಕ. ಕಂಪನಿಯ ಕೈಪಿಡಿಯಲ್ಲಿ ಎಡ ಬಲ ಹ್ಯಾಂಡಲಿಗೆ ಎಷ್ಟು ನಡುಕ ಎಂಬ ಸಂಖ್ಯೆಯನ್ನು ಮೀಟರ್/ಸೆಕೆಂಡ್² ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಎಂಎಸ್ 250ರಲ್ಲಿ ಅದು 6ರ ಆಸುಪಾಸು, ಎಂಎಸ್ 261ರಲ್ಲಿ 3.5ರ ಆಸುಪಾಸು. ಮೊದಲನೆಯದರಲ್ಲಿ ಹ್ಯಾಂಡಲಿಗೂ ಎಂಜಿನ್ನಿಗೂ ನಡುವೆ ರಬ್ಬರ್ ಬುಷ್, ಎರಡನೆಯದರಲ್ಲಿ ಉಕ್ಕಿನ ಸ್ಪ್ರಿಂಗ್. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಎಂಟು ಗಂಟೆಯ ಸರಾಸರಿ 2.5 ದಾಟಿದರೆ ಕ್ರಮ ಕೈಗೊಳ್ಳಬೇಕು. ಲೆಕ್ಕ ಸಂಖ್ಯೆಯ ವರ್ಗದಂತೆ (ನಡುಕ ಎರಡು ಪಟ್ಟಾದರೆ ಲೆಕ್ಕ ನಾಲ್ಕು ಪಟ್ಟು) ಏರುವುದರಿಂದ 6ರ ಮಷಿನ್ನಿನಲ್ಲಿ ಆ ಮಟ್ಟ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೇ ಮುಟ್ಟುತ್ತದೆ, 3.5ರಲ್ಲಿ ನಾಲ್ಕು ಗಂಟೆ ಹಿಡಿಯುತ್ತದೆ. ಸಂಖ್ಯೆ ಅರ್ಧದ ಹತ್ತಿರ ಇಳಿದರೆ ಸಮಯ ಮೂರು ಪಟ್ಟು. ವರ್ಷಗಟ್ಟಲೆ ಮಿತಿ ಮೀರಿ ಹಿಡಿದರೆ ಬೆರಳು ಜೋಮು ಹಿಡಿಯುತ್ತದೆ, ಚಳಿಗೆ ಬಿಳಿಚಿಕೊಳ್ಳುತ್ತದೆ, ಗುಂಡಿ ಹಾಕಿಕೊಳ್ಳಲೂ ಕಷ್ಟವಾಗುತ್ತದೆ. ಹಾಳಾದ ನರ ಮತ್ತೆ ಸರಿಯಾಗುವುದು ಅಪರೂಪ.

ಮಷಿನ್ ಕೊಳ್ಳುವವರು ಒಬ್ಬರು, ಹಿಡಿಯುವವರು ಇನ್ನೊಬ್ಬರು ಆಗಿರುವ ಎಸ್ಟೇಟುಗಳಲ್ಲಿ ಈ ಸಂಖ್ಯೆಯನ್ನು ಯಾರೂ ಓದುವುದಿಲ್ಲ. ಒಬ್ಬನೇ ಆಳು ದಿನಕ್ಕೆ ಮೂರ್ನಾಲ್ಕು ಗಂಟೆ, ಸೀಸನ್ ಪೂರ್ತಿ ಕೊಯ್ಯುವುದಾದರೆ 50 ಸಿಸಿಯ ಪ್ರೊಫೆಷನಲ್ ಮಷಿನ್ನನ್ನೇ ಕೊಡಿಸಬೇಕು. ಇಲ್ಲಿ ಪೆಟ್ರೋಲ್ ಲೆಕ್ಕ ನೋಡಬಾರದು.

ಇ20 ಬಂದ ಮೇಲೆ

ಈಚೆಗೆ ಆಯ್ಕೆಯ ಲೆಕ್ಕಾಚಾರವನ್ನು ಸ್ವಲ್ಪ ಅಲ್ಲಾಡಿಸಿದ್ದು ಬಂಕಿನ ಪೆಟ್ರೋಲ್. ಈಗ ಎಲ್ಲೆಡೆ ಸಿಗುವುದು ಶೇ 20 ಎಥನಾಲ್ ಬೆರೆತ ಇ20. ಕೈಯಿಂದ ಸ್ಕ್ರೂ ತಿರುಗಿಸಿ ಹೊಂದಿಸುವ ಕಾರ್ಬುರೇಟರ್ ಇರುವ ಮಷಿನ್‌ಗಳಿಗೆ ಶೇ 10ಕ್ಕಿಂತ ಹೆಚ್ಚು ಎಥನಾಲ್ ಬೇಡ ಎಂದು ಸ್ಟಿಲ್ ಕೈಪಿಡಿ ಹೇಳುತ್ತದೆ. ತಾನೇ ಮಿಶ್ರಣ ಹೊಂದಿಸಿಕೊಳ್ಳುವ ಎಂ-ಟ್ರಾನಿಕ್ ಇರುವ ಮಷಿನ್‌ಗಳಿಗೆ ಶೇ 27ರವರೆಗೆ ನಡೆಯುತ್ತದೆ. ಎಂ-ಟ್ರಾನಿಕ್ ಇರುವುದು ಪ್ರೊಫೆಷನಲ್ ಸಾಲಿನಲ್ಲಿ. ಮಾಡೆಲ್ ಹೆಸರಿನ ಕೊನೆಗೆ ಸಿ-ಎಂ ಎಂದಿರುತ್ತದೆ.

ಹಾಗೆಂದು ಮನೆಬಳಕೆಯ ಮಷಿನ್ ಇ20ಯಲ್ಲಿ ಓಡುವುದೇ ಇಲ್ಲ ಎಂದಲ್ಲ, ಊರೆಲ್ಲ ಅದರಲ್ಲೇ ಓಡಿಸುತ್ತಿದೆ. ಆದರೆ ಎರಡು ಅಪಾಯ ಗೊತ್ತಿರಬೇಕು. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದೇ ಸ್ಕ್ರೂ ಸ್ಥಿತಿಯಲ್ಲಿ ಮಿಶ್ರಣ ಬಡವಾಗುತ್ತದೆ, ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಪರೀಕ್ಷೆ ಕಿವಿಯಿಂದಲೇ: ಮರಕ್ಕೆ ತಾಗಿಸದೆ ಒಂದೆರಡು ಸೆಕೆಂಡು ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಶಬ್ದದಲ್ಲಿ ಸ್ವಲ್ಪ ಗೊರಗೊರ ಇರಬೇಕು, ಮರಕ್ಕೆ ಇಳಿದ ಕೂಡಲೇ ಅದು ಹೋಗಿ ಶಬ್ದ ತಿಳಿಯಾಗಬೇಕು. ಖಾಲಿ ಓಡುವಾಗಲೇ ಕೀರಲಾಗಿ ಕಿರುಚಿದರೆ ಕಾರ್ಬುರೇಟರಿನ ಎಚ್ ಸ್ಕ್ರೂವನ್ನು (ಪೂರ್ತಿ ವೇಗದಲ್ಲಿ ಪೆಟ್ರೋಲ್ ಎಷ್ಟು ಎಂದು ಹೊಂದಿಸುವುದು) ಎಡಕ್ಕೆ ಒಂದಿಷ್ಟೇ ಬಿಡಿಸಬೇಕು. ಎಚ್ ಸ್ಕ್ರೂ ಇಲ್ಲದ ಸಣ್ಣ ಮಷಿನ್ನಾದರೆ ಅಂಗಡಿಗೆ ಒಯ್ಯುವುದೇ ದಾರಿ.

ಎರಡನೆಯದು ನೀರು. ಎಥನಾಲ್ ಗಾಳಿಯ ತೇವ ಹೀರುತ್ತದೆ, ಒಂದು ಹಂತ ದಾಟಿದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೆಟ್ರೋಲ್ ಎಳೆಯುವ ಫಿಲ್ಟರ್ ಇರುವುದು ತಳದಲ್ಲಿ. ಎಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ನೀರುಮಿಶ್ರಣ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಬಿಟ್ಟು ಮೂಲೆಗಿಟ್ಟ ಮಷಿನ್ ಅಕ್ಟೋಬರಿನಲ್ಲಿ ಸ್ಟಾರ್ಟ್ ಆಗದಿರುವುದಕ್ಕೆ, ಸ್ಟಾರ್ಟ್ ಆದರೂ ಹತ್ತು ನಿಮಿಷಕ್ಕೆ ಸೀಜ್ ಆಗುವುದಕ್ಕೆ ಕಾರಣ ಇದೇ. ಎರಡು ವಾರಕ್ಕೆ ಬೇಕಾಗುವಷ್ಟನ್ನೇ ಕಲಸಿ. ಒಳ್ಳೆಯ 2ಟಿ ಆಯಿಲ್ ಆದರೆ 1:50, ಅಂದರೆ ಲೀಟರಿಗೆ 20 ಮಿಲಿ, ಐದು ಲೀಟರಿಗೆ 100 ಮಿಲಿ. ಸ್ಟಿಲ್ ಕಂಪನಿ ತನ್ನದಲ್ಲದ ಆಯಿಲ್‌ಗೆ 1:25, ಅಂದರೆ ಲೀಟರಿಗೆ 40 ಮಿಲಿ ಹೇಳುತ್ತದೆ. ಜೂನ್ ಹೊತ್ತಿಗೆ ಮಷಿನ್ ಎತ್ತಿಡುವಾಗ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ತಾನೇ ನಿಲ್ಲುವವರೆಗೆ ಐಡಲಿನಲ್ಲಿ ಓಡಿಸಿ. ಇದನ್ನು ಮಾಡುವ ತಾಳ್ಮೆ ಇಲ್ಲದವರಿಗೆ ಪ್ರೊಫೆಷನಲ್ ಮಷಿನ್ ಕೊಟ್ಟರೂ ಗತಿ ಒಂದೇ.

ಚೈನ್ ಮೊಂಡಾದರೆ

ಮನೆಬಳಕೆಯ ಮಷಿನ್‌ಗಳು ಸಾಯುವುದು ಹೆಚ್ಚಾಗಿ ಮೊಂಡು ಚೈನಿನಿಂದ. ಹರಿತ ಇದ್ದಾಗ ಚೈನ್ ತಾನೇ ಮರದೊಳಗೆ ಇಳಿಯುತ್ತದೆ, ಚಕ್ಕೆ ಚಕ್ಕೆಯಾಗಿ ಹೊಟ್ಟು ಬೀಳುತ್ತದೆ. ಹಿಟ್ಟಿನಂತೆ ಪುಡಿ ಬೀಳತೊಡಗಿದರೆ ಮೊಂಡಾಗಿದೆ. ಆಗ ಕೊಯ್ಯುವವರು ಮಷಿನ್ನನ್ನು ಒತ್ತುತ್ತಾರೆ, ಚೈನ್ ನಿಧಾನವಾಗಿ ಕ್ಲಚ್ ಜಾರುತ್ತದೆ, ಕ್ಲಚ್ ಡ್ರಮ್ ಕಾದು ಅಕ್ಕಪಕ್ಕದ ಪ್ಲಾಸ್ಟಿಕ್ ಕರಗುತ್ತದೆ. 4 ಕಿಲೋವಾಟಿನ ಮಷಿನ್ ಮೊಂಡು ಚೈನನ್ನೂ ಹೇಗೋ ಎಳೆದುಕೊಂಡು ಹೋಗುತ್ತದೆ, 1.2 ಕಿಲೋವಾಟಿನದಕ್ಕೆ ಆ ಶಕ್ತಿ ಇಲ್ಲ. ಸಣ್ಣ ಮಷಿನ್ ಇಟ್ಟುಕೊಂಡವರೇ ಸಾಣೆಯಲ್ಲಿ ಹೆಚ್ಚು ಪಳಗಿರಬೇಕು ಎಂಬುದು ಇದರ ತಾತ್ಪರ್ಯ.

ಅರದ ಅಳತೆ ಚೈನಿನ ಪಿಚ್‌ಗೆ, ಅಂದರೆ ಕೊಂಡಿಗಳ ನಡುವೆ ಇಂಚಿನಲ್ಲಿ ಅಳೆಯುವ ಅಂತರಕ್ಕೆ, ಹೊಂದಬೇಕು. ಎಂಎಸ್ 170, 180ಕ್ಕೆ ಬರುವ ಸಣ್ಣ 3/8 ಪಿಕೊ ಚೈನಿಗೆ 4 ಮಿಮೀ ದುಂಡು ಅರ. 0.325 ಚೈನಿಗೆ 4.8 ಮಿಮೀ. ದೊಡ್ಡ ಮಷಿನ್‌ಗಳ 3/8 ಚೈನಿಗೆ 5.2 ಮಿಮೀ. 3/8 ಎಂದು ಬರೆದ ಎರಡು ಚೈನ್‌ಗಳು ಬೇರೆ ಬೇರೆ ಎಂಬುದನ್ನು ಮರೆತು 5.2ರ ಅರ ತಂದು ಪಿಕೊ ಚೈನ್ ಉಜ್ಜಿದರೆ ಹಲ್ಲಿನ ಕೊಕ್ಕೆಯೇ ಹೋಗುತ್ತದೆ. 30 ಡಿಗ್ರಿ ಕೋನ, ಒಳಗಿನಿಂದ ಹೊರಕ್ಕೆ, ಪ್ರತಿ ಹಲ್ಲಿಗೂ ಎರಡೋ ಮೂರೋ ಎಳೆತ, ಎಲ್ಲಕ್ಕೂ ಅಷ್ಟೇ. ಎರಡು ಟ್ಯಾಂಕಿಗೊಮ್ಮೆ ಇಷ್ಟು ಮಾಡಿದರೆ ಅರ್ಧ ಗಂಟೆ ಕೂತು ಉಜ್ಜುವ ಪ್ರಸಂಗ ಬರುವುದಿಲ್ಲ. ನಾಲ್ಕೈದು ಸಲ ಸಾಣೆ ಆದ ಮೇಲೆ ಹಲ್ಲಿನ ಮುಂದಿನ ಗುಬುಟನ್ನು ಚಪ್ಪಟೆ ಅರದಲ್ಲಿ ಇಳಿಸಬೇಕು, ಹಲ್ಲಿನ ತುದಿಗಿಂತ 0.65 ಮಿಮೀ ಕೆಳಗಿದ್ದರೆ ಸರಿ. ಅದಕ್ಕಿಂತ ಹೆಚ್ಚು ಇಳಿಸಿದರೆ ಚೈನ್ ಕಚ್ಚಿ ಜಗ್ಗುತ್ತದೆ, ಸಣ್ಣ ಎಂಜಿನ್ ನಿಂತುಬಿಡುತ್ತದೆ, ಬಾರ್ ಹಿಂದಕ್ಕೆ ಚಿಮ್ಮುವ ಅಪಾಯವೂ ಹೆಚ್ಚು.

ಚೂಪು ಮೂಲೆಯ ಫುಲ್ ಚಿಸೆಲ್ ಚೈನ್ ಸ್ವಚ್ಛವಾದ ಹಸಿ ಮರದಲ್ಲಿ ವೇಗ. ನಮ್ಮ ತೋಟಗಳಲ್ಲಿ ಬುಡಕ್ಕೆ ಮಣ್ಣು ಹಾರಿರುತ್ತದೆ, ಸಿಲ್ವರ್ ಓಕಿನ ಮೇಲೆ ಮೆಣಸಿನ ಬಳ್ಳಿಯ ಬೇರು, ಪಾಚಿ, ಧೂಳು. ಇಲ್ಲಿ ಮೂಲೆ ದುಂಡಗಿರುವ ಸೆಮಿ ಚಿಸೆಲ್ ಹೆಚ್ಚು ಹೊತ್ತು ಹರಿತ ಉಳಿಸಿಕೊಳ್ಳುತ್ತದೆ. ತೆಂಗಿನ ಬುಡ ಕೊಯ್ಯುವವರಿಗಂತೂ ಬೇರೆ ಮಾತೇ ಇಲ್ಲ. ಆ ನಾರು ಚೈನನ್ನೂ ಮೊಂಡು ಮಾಡುತ್ತದೆ, ಕ್ಲಚ್ ಕವರಿನೊಳಗೆ ಹೋಗಿ ಉಂಡೆಯಾಗಿ ಕಟ್ಟಿಕೊಳ್ಳುತ್ತದೆ.

58 ಸಿಸಿ, 22 ಇಂಚು, ಅಗ್ಗ

ಆನ್‌ಲೈನಿನಲ್ಲಿ ಇಂಥ ಮಷಿನ್ ಬಗೆಬಗೆಯ ಹೆಸರಿನಲ್ಲಿ ಸಿಗುತ್ತದೆ, ಬೆಲೆ ಸ್ಟಿಲ್, ಹಸ್ಕ್‌ವರ್ನಾದ ಅತಿ ಸಣ್ಣ ಮಷಿನ್ನಿಗಿಂತಲೂ ಕಡಿಮೆ. ತಮಾಷೆ ಎಂದರೆ ಇವುಗಳ ಕ್ರ್ಯಾಂಕ್‌ಕೇಸು ಲೋಹದ್ದೇ, ಪ್ರೊಫೆಷನಲ್ ಮಷಿನ್ನಿನ ಹಾಗೆ ಎಡ ಬಲ ಹೋಳಾಗುವಂಥದ್ದೇ. ಹಳೆಯ ಜಪಾನಿ ವಿನ್ಯಾಸದ ನಕಲು ಅದು. ಹಾಗಾಗಿ ‘ಮೆಗ್ನೀಸಿಯಂ ಬಾಡಿ’ ಎಂಬ ಒಂದೇ ಮಾತಿನಿಂದ ದರ್ಜೆ ತೀರ್ಮಾನಿಸಲಾಗದು. ಇವು ಸೋಲುವುದು ಬೇರೆ ಕಡೆ: ಆಯಿಲ್ ಸೀಲ್, ಕಾರ್ಬುರೇಟರಿನ ಪೊರೆ, ಇಂಟೇಕ್ ರಬ್ಬರ್, ಸಿಲಿಂಡರಿನ ಲೇಪ, ಮೆತ್ತನೆಯ ಚೈನ್. ನಡುಕ ತಡೆಯುವ ವ್ಯವಸ್ಥೆಯೂ ನಾಮಕಾವಸ್ತೆ. ಬಿಡಿಭಾಗ ಅಗ್ಗ, ಆದರೆ ಒಂದರದು ಇನ್ನೊಂದಕ್ಕೆ ಸರಿಯಾಗಿ ಕೂರುತ್ತದೆಂಬ ಭರವಸೆ ಇಲ್ಲ. ಬಿಚ್ಚಿ ಜೋಡಿಸುವ ಹುಚ್ಚು ಇರುವವರು ತೆಗೆದುಕೊಳ್ಳಲಿ. ಬೆಳಗ್ಗೆ ಆಳು ಬಂದಾಗ ಸ್ಟಾರ್ಟ್ ಆಗಲೇಬೇಕಾದವರಿಗೆ ಇದು ಬೇಡ.

ಕಡಿಮೆ ದುಡ್ಡಿನಲ್ಲಿ ಪ್ರೊಫೆಷನಲ್ ಮಷಿನ್ ಬೇಕೆಂದರೆ ಸೆಕೆಂಡ್ ಹ್ಯಾಂಡ್ ನೋಡುವುದು ಇದಕ್ಕಿಂತ ವಾಸಿ. ಸ್ಟಾರ್ಟರ್ ಹಗ್ಗದ ಹಿಡಿ ಹಿಡಿದು ಮಷಿನ್ನನ್ನು ನೇತಾಡಿಸಿ. ಕಂಪ್ರೆಷನ್ ಇದ್ದರೆ ತಡೆದು ತಡೆದು ನಿಧಾನಕ್ಕೆ ಇಳಿಯುತ್ತದೆ, ಸರ್ರನೆ ಜಾರಿದರೆ ರಿಂಗ್ ಹೋಗಿದೆ. ಗೇಜ್ ಇದ್ದರೆ 150 ಪಿಎಸ್‌ಐ ಆಸುಪಾಸು ಇರಬೇಕು. ಮಾರುವವರು ಒಪ್ಪಿದರೆ ಮಫ್ಲರ್ ಬಿಚ್ಚಿ ಟಾರ್ಚ್ ಬಿಡಿ: ಪಿಸ್ಟನ್ನಿನ ಮೈಯಲ್ಲಿ ಉದ್ದುದ್ದ ಗೀರು ಕಂಡರೆ ಹಿಂದೊಮ್ಮೆ ಸೀಜ್ ಆದದ್ದು. ಫ್ಲೈವ್ಹೀಲನ್ನು ಮೇಲೆ ಕೆಳಗೆ ಅಲ್ಲಾಡಿಸಿದಾಗ ಆಟ ಇದ್ದರೆ ಬೇರಿಂಗ್ ಸವೆದಿದೆ. ಕೊನೆಗೆ ಸ್ಟಾರ್ಟ್ ಮಾಡಿ ಐಡಲಿನಲ್ಲಿ ಬಿಟ್ಟು ಮಷಿನ್ನನ್ನು ಎಡಕ್ಕೆ, ಬಲಕ್ಕೆ, ಮೂತಿ ಕೆಳಗೆ ಮಾಡಿ ವಾಲಿಸಿ. ವಾಲಿಸಿದಾಗ ವೇಗ ಏರಿಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಅದನ್ನು ಹುಡುಕಿ ಸರಿಪಡಿಸದೆ ಓಡಿಸಿದರೆ ಸೀಜ್ ಖಚಿತ.

ಕೊಳ್ಳುವ ದಿನ

ದೂರದಲ್ಲಿ ಐನೂರು ರೂಪಾಯಿ ಕಡಿಮೆಗೆ ಸಿಗುತ್ತದೆಂದು ಹೋಗಬೇಡಿ. ನಿಮ್ಮ ಪೇಟೆಯಲ್ಲಿ ಯಾವ ಕಂಪನಿಯ ಬಿಡಿಭಾಗ ಮಾರನೆಯ ದಿನ ಸಿಗುತ್ತದೋ ಅದನ್ನೇ ತೆಗೆದುಕೊಳ್ಳಿ, ಎರಡು ಒಳ್ಳೆಯ ಕಂಪನಿಗಳ ನಡುವಿನ ವ್ಯತ್ಯಾಸಕ್ಕಿಂತ ಇದು ದೊಡ್ಡದು. ಪ್ರೊಫೆಷನಲ್ ಸಾಲಿನ ಎಲ್ಲ ಮಾಡೆಲ್ ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ. ತರಿಸಿಕೊಡುತ್ತೇವೆ ಎಂದರೆ ಅದರ ಸಿಲಿಂಡರ್ ಕಿಟ್, ಏರ್ ಫಿಲ್ಟರ್ ಕೂಡ ತರಿಸಬಲ್ಲಿರಾ ಎಂದು ಆಗಲೇ ಕೇಳಿ.

ಮೇಲೆ ಹ್ಯಾಂಡಲ್ ಇರುವ ಪುಟ್ಟ ಮಷಿನ್ ಮರ ಹತ್ತಿ ಮರಗಸಿ ಮಾಡಲು ಚೆನ್ನಾಗಿರುತ್ತದೆ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಅದು ಹಗ್ಗ, ಸೊಂಟಪಟ್ಟಿ ಕಟ್ಟಿ ತರಬೇತಿ ಪಡೆದವರ ಸಾಧನ. ಏಣಿಯ ಮೇಲೆ ನಿಂತು ಒಂದೇ ಕೈಯಲ್ಲಿ ಹಿಡಿದಾಗ ಬಾರಿನ ತುದಿಯ ಮೇಲ್ಭಾಗ ಕೊಂಬೆಗೆ ತಾಗಿ ಹಿಂದಕ್ಕೆ ಚಿಮ್ಮಿದರೆ ಬರುವುದು ಕುತ್ತಿಗೆಗೆ. ನೆಲದಿಂದಲೇ ಕೊಯ್ಯುವ ಉದ್ದ ಕೋಲಿನ ಮಷಿನ್ ಇದೆ, ಕತ್ತಿಯಂತೂ ಇದ್ದೇ ಇದೆ.

ಬಿಲ್ಲಿನ ಜೊತೆ ಇನ್ನೊಂದು ಚೈನ್, ಸರಿಯಾದ ಅಳತೆಯ ದುಂಡು ಅರ, ಚಪ್ಪಟೆ ಅರ, ಗುಬುಟು ಅಳೆಯುವ ಪಟ್ಟಿ ಸೇರಿಸಿಕೊಳ್ಳಿ. ಚೈನ್ ಕೊಳ್ಳುವಾಗ ‘16 ಇಂಚಿನದು ಕೊಡಿ’ ಎಂದರೆ ಸಾಲದು. ಪಿಚ್, ಬಾರಿನ ಸಂದಿನ ಅಗಲ, ಕೆಳಗಿನ ಕೊಂಡಿಗಳ ಎಣಿಕೆ ಮೂರೂ ಹೇಳಬೇಕು. ಸಣ್ಣ ಸ್ಟಿಲ್ ಮಷಿನ್ನಿನ ಪಿಕೊ ಚೈನಿಗೆ 14 ಇಂಚಿನ ಬಾರಿಗೆ 50 ಕೊಂಡಿ, 16 ಇಂಚಿನದಕ್ಕೆ 55. ಕಿವಿಗೆ ಮುಚ್ಚಳ, ಕಣ್ಣಿಗೆ ಜಾಲರಿ, ಕಾಲಿಗೆ ಚಾಪ್ಸ್ (ಚೈನ್ ತಾಗಿದರೆ ತಡೆಯುವ ಹೊದಿಕೆ) ಇದೇ ಬಿಲ್ಲಿನಲ್ಲಿ ಬರಲಿ. ಚಾಪ್ಸ್ ಒಳಗಿನ ನಾರು ಸ್ಪ್ರಾಕೆಟ್ಟಿಗೆ ಸುತ್ತಿ ಚೈನನ್ನು ನಿಲ್ಲಿಸುತ್ತದೆ. ಕ್ಲಾಸ್ 1 ಸೆಕೆಂಡಿಗೆ 20 ಮೀಟರ್ ವೇಗದ ಚೈನಿಗೆ ಪರೀಕ್ಷೆಯಾದದ್ದು, ಕ್ಲಾಸ್ 2 ಎಂದರೆ 24 ಮೀಟರ್. ಪ್ರೊಫೆಷನಲ್ ಮಷಿನ್ ಪೂರ್ತಿ ವೇಗದಲ್ಲಿ ಇದನ್ನೂ ದಾಟಬಲ್ಲದು, ಆದ್ದರಿಂದ ದೊಡ್ಡ ಮಷಿನ್ ಕೊಂಡವರು ಮೇಲಿನ ಕ್ಲಾಸನ್ನೇ ಕೇಳಬೇಕು.

ಹೊಸ ಮಷಿನ್ನನ್ನು ಮೊದಲ ಮೂರು ಟ್ಯಾಂಕ್ ಮುಗಿಯುವವರೆಗೆ ಮರಕ್ಕೆ ತಾಗಿಸದೆ ಪೂರ್ತಿ ವೇಗದಲ್ಲಿ ಕಿರುಚಿಸಬೇಡಿ. ಹೊಸ ಚೈನ್ ಐದು ನಿಮಿಷಕ್ಕೇ ಜಗ್ಗುತ್ತದೆ, ನಿಲ್ಲಿಸಿ ಬಿಗಿ ಮಾಡಿ. ಸಂಜೆ ಕೆಲಸ ಮುಗಿದ ಮೇಲೆ ಮಾತ್ರ ಸಡಿಲಿಸಿಟ್ಟುಬಿಡಿ. ಬಿಸಿಯಿದ್ದಾಗ ಬಿಗಿದ ಚೈನ್ ರಾತ್ರಿ ತಣ್ಣಗಾಗಿ ಕುಗ್ಗಿದರೆ ಕ್ರ್ಯಾಂಕನ್ನೂ ಬೇರಿಂಗನ್ನೂ ಬೆಳಗಿನವರೆಗೆ ಎಳೆದು ಹಿಡಿದಿರುತ್ತದೆ.